ಕೋವಿಮದ್ದಿನ ವಾಸನೆ ಬಂದ ಸಂಜೆ

ಯಾರಾದರೂ ಇಂಥ ಕಥೆ ಶುರು ಮಾಡಿದರೆ ಕಾಫಿ ತರುವ ನೆಪದಲ್ಲಿ ಎದ್ದು ಹೋಗುವ ಜಾತಿ ನನ್ನದು. ಶಕುನ, ಸೂಚನೆ, ಸತ್ತವರು ಬಂದು ಹೇಳಿದ್ದು, ಇವೆಲ್ಲ ಕೆಲಸವಿಲ್ಲದವರ ಮಾತು ಅಂತ ಎಷ್ಟು ಜನಕ್ಕೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ನಂಬುತ್ತೇನೆ ಅಂತಲೂ ದಯವಿಟ್ಟು ತಿಳಿಯಬೇಡಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿಮಗೇನಾದರೂ ಹೊಳೆದರೆ ನೀವು ನನಗಿಂತ ಜಾಣರು.

ಅದು ಎರಡು ಸಾವಿರದ ಹದಿನೈದನೇ ಇಸವಿ. ನಾನು ಪರದೇಶದಲ್ಲಿ, ಜುರಾಂಗ್ ಐಲ್ಯಾಂಡ್ ಅನ್ನುವ ದ್ವೀಪದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಸೇಫ್ಟಿ ಎಂಜಿನಿಯರ್. ಯಾವ ಪೈಪು ಎಲ್ಲಿ ಸೋರುತ್ತದೆ, ಯಾವ ಡ್ರಮ್ಮಿನ ಪಕ್ಕ ಯಾವುದನ್ನು ಇಡಬಾರದು, ಇದೇ ನನ್ನ ಹೊಟ್ಟೆಪಾಡು. ಮನೆ ಜುರಾಂಗ್ ವೆಸ್ಟ್‌ನಲ್ಲಿ. ನಾನು, ಹೆಂಡತಿ ಕಾವ್ಯ, ಇಬ್ಬರೇ. ಊರು ಕೊಡಗು. ಅಣ್ಣ ಅಲ್ಲೇ ಗೋಣಿಕೊಪ್ಪಲಿನಲ್ಲಿ ಜೀಪ್ ರಿಪೇರಿಯ ಗ್ಯಾರೇಜ್ ಇಟ್ಟಿದ್ದ. ನಾವು ಮನೆಯಲ್ಲಿ ಆಡುವುದು ಕೊಡವ ತಕ್ಕ್. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಅಪ್ಪ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಅವರಿಗೆ ಇದ್ದದ್ದು ಒಂದೇ ಹುಚ್ಚು, ಕೋವಿಯ ತೋಟಾಗಳನ್ನು ಮನೆಯಲ್ಲೇ ತುಂಬುವುದು. ಹೊಡೆದು ಖಾಲಿಯಾದ ತೋಟಾಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ಅಳೆದು ಹಾಕಿ, ಮೇಲೆ ಉಣ್ಣೆಯ ಬಿಲ್ಲೆಗಳನ್ನು ಒತ್ತಿ, ಸೀಸದ ಚರೆ ಸುರಿದು, ಬಾಯಿ ಮುಚ್ಚಿ ಜೇನುಮೇಣ ಹಚ್ಚುತ್ತಿದ್ದರು. ಸಾಮಾನೆಲ್ಲ ಓಬೀರಾಯನ ಕಾಲದ್ದು. ತೋಟಾ ಪ್ಲಾಸ್ಟಿಕ್ಕಿನದಲ್ಲ, ಕಾಗದದ್ದು. ಮದ್ದಿನ ಡಬ್ಬಗಳು ಯಾವುದೋ ವಿಲಾಯತಿ ಕಂಪನಿಯವು. ಆ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಯಿತೋ, ಆ ಮದ್ದನ್ನು ಈಗ ಯಾರೂ ಮಾಡುವುದಿಲ್ಲ. ಅಪ್ಪ ಹೋದ ಮೇಲೆ ಆ ಡಬ್ಬಗಳು, ಬಿಲ್ಲೆಗಳು, ಜೋಡುನಳಿಗೆ ಕೋವಿ ಎಲ್ಲ ಅಣ್ಣನಿಗೆ ಬಂದವು.

ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದು ನಮ್ಮಲ್ಲಿ ರೂಢಿ. ಅಂಗಡಿಯಲ್ಲಿ ಒಳ್ಳೆಯ ಹೊಸ ತೋಟಾ ಸಿಗುತ್ತಿತ್ತು. ಆದರೂ ಆ ಒಂದು ದಿನಕ್ಕೆ ಅಣ್ಣ ಅಪ್ಪನ ಸಾಮಾನಿನಿಂದಲೇ ತುಂಬಿಕೊಳ್ಳುತ್ತಿದ್ದ. ಹಳೇ ಮದ್ದು, ಹಳೇ ಕಾಗದ, ನಂಬಬೇಡ, ತೆಗೆದು ಎಸಿ ಅಂತ ನಾನು ಪ್ರತಿ ವರ್ಷ ಹೇಳುವುದು. "ಡಬ್ಬ ಇರೋ ತನಕ ಅಪ್ಪ ಇರ್ತಾರೆ, ನೀನು ಸುಮ್ಮನಿರು ಮಾರಾಯ" ಅಂತ ಅವನು ಪ್ರತಿ ವರ್ಷ ಹೇಳುವುದು. ಕೊನೆಗಾಲದಲ್ಲಿ ಅಪ್ಪನನ್ನು ಎತ್ತಿ, ಇಳಿಸಿ, ಸ್ನಾನ ಮಾಡಿಸಿ ನೋಡಿಕೊಂಡವನು ಅವನು. ಅವನೆದುರು ಅಪ್ಪನ ವಿಷಯದಲ್ಲಿ ಜೋರು ಮಾಡುವುದಕ್ಕೆ ನನಗೆ ಬಾಯಿ ಬರುತ್ತಿರಲಿಲ್ಲ.

ಆ ಸಂಜೆ ಕಂಪನಿ ಬಸ್ಸು ಇಳಿದು ಮನೆ ಕಡೆ ನಡೆಯುತ್ತಿದ್ದೆ. ಹಬ್ಬಕ್ಕೆ ಇನ್ನೂ ಕೆಲವು ದಿನವಿತ್ತು. ಇಲ್ಲಿ ಆಗ ಚೀನೀಯರ ಏಳನೇ ತಿಂಗಳು, ಸತ್ತವರಿಗೆ ಸಲ್ಲಲಿ ಅಂತ ಪ್ರತಿ ಬ್ಲಾಕಿನ ಕೆಳಗೂ ತಗಡಿನ ಡ್ರಮ್ಮಿನಲ್ಲಿ ಕಾಗದ ಸುಡುತ್ತಾರೆ. ಬೂದಿ ಹಾರಿ ಒಣಗಿಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. ಅದನ್ನೇ ಗೊಣಗುತ್ತಾ ಮೇಲೆ ಬಂದೆ. ಬಾಗಿಲು ತೆಗೆದರೆ ಕಾವ್ಯ ಹಾಲ್‌ನ ಮಧ್ಯೆ ನಿಂತಿದ್ದಾಳೆ, ಮೂಗಿಗೆ ಸೆರಗು ಹಿಡಿದವಳ ಹಾಗೆ ಪಾತ್ರೆ ಒರೆಸುವ ಟವೆಲ್ ಹಿಡಿದುಕೊಂಡು.

"ರೀ, ಇದೇನಿದು, ನಿಮ್ಮಪ್ಪನ ರೂಮಿನ ವಾಸನೆ" ಅಂದಳು.

ನಾನು ಬಾಯಿ ತೆರೆಯುವ ಮೊದಲೇ ಅವಳು ಅಂದದ್ದು. ಇದನ್ನು ನೆನಪಿಟ್ಟುಕೊಳ್ಳಿ. ಏಕೆಂದರೆ ವಾಸನೆ ಅದೇ. ಸುಟ್ಟ ಕಾಗದದ್ದಲ್ಲ, ಸುಟ್ಟ ಮದ್ದಿನದೂ ಅಲ್ಲ. ಡಬ್ಬದ ಮುಚ್ಚಳ ಆಗ ತಾನೇ ತೆಗೆದರೆ ಬರುತ್ತದಲ್ಲ, ಸ್ಪಿರಿಟ್ಟಿನ ಹಾಗೆ ಮೂಗಿಗೇರುವ ಹುಳಿ ವಾಸನೆ, ಅದರ ಜೊತೆ ಜೇನುಮೇಣ, ಹಳೇ ಉಣ್ಣೆ. ಒಂದು ಖಾಲಿ ತೋಟಾ ಬ್ಯಾಗಿನಲ್ಲಿ ಸಿಕ್ಕಿದರೂ ಪೊಲೀಸರು ಹಿಡಿದುಕೊಂಡು ಹೋಗುವ ದೇಶ ಇದು. ಅಪ್ಪನ ನೆನಪಿಗೆ ಅಂತ ಒಂದನ್ನು ತರುವ ಆಸೆಯಾಗಿ, ಹೆದರಿ, ಊರಲ್ಲೇ ಬಿಟ್ಟು ಬಂದವನು ನಾನು. ಮನೆಯಲ್ಲಿ ಅಂಥದ್ದು ಏನೂ ಇರಲಿಲ್ಲ.

ಕಲಿತ ವಿದ್ಯೆ ಇತ್ತಲ್ಲ, ಶುರು ಮಾಡಿದೆ. ಗ್ಯಾಸ್ ನೋಡಿದೆ, ಸಿಂಕಿನ ಕೆಳಗೆ ನೋಡಿದೆ, ಬಚ್ಚಲ ತೂತಿಗೆ ಮೂಗು ಹಿಡಿದೆ, ಕಪಾಟಿನ ಬಟ್ಟೆಯೆಲ್ಲ ಹೊರಗೆ ಹಾಕಿದೆ. ಹೊರಗಿಂದ ಬರುವುದಾದರೆ ಕಿಟಕಿ ಮುಚ್ಚಿದಾಗ ವಾಸನೆ ಕಮ್ಮಿಯಾಗಬೇಕಿತ್ತು, ಹೆಚ್ಚಾಯಿತು. ಬಾಗಿಲಾಚೆ ಕಾರಿಡಾರಿಗೆ ಹೋದರೆ ಏನೇನೂ ಇಲ್ಲ. ಪಕ್ಕದ ಮನೆಯ ಚೀನೀ ಆಂಟಿ ಕೆಳಗೆ ಕಾಗದ ಸುಟ್ಟು ಬರುತ್ತಿದ್ದರು, ಕರೆದು ಕೇಳಿದೆ. ಅವರು ಒಳಗೆ ಬಂದು ಮೂಸಿ, ಏನೂ ಇಲ್ಲ ಅಂತ ತಲೆ ಆಡಿಸಿದರು. "ಸೆವೆಂತ್ ಮಂತ್ ಲಾ" ಅಂತ ಹೇಳಿ ಹೊರಟೇ ಹೋದರು, ಕರೆಂಟ್ ಹೋಗಿದೆ ಅನ್ನುವಷ್ಟು ಸಲೀಸಾಗಿ.

ಊಟದ ಮೇಜಿನ ಒಂದು ಕುರ್ಚಿಯ ಹತ್ತಿರ ವಾಸನೆ ದಟ್ಟವಾಗಿತ್ತು. ಕೈ ಚಾಚಿದಷ್ಟು ದೂರ ಸರಿದರೆ ಇಲ್ಲ, ಬಗ್ಗಿದರೆ ಇದೆ. ಕಾವ್ಯ ಆ ಕಡೆಗೇ ಬರಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಹೆದರಿಕೆ ನನ್ನ ಬಗ್ಗೆ ಅಲ್ಲ, ಅಣ್ಣನ ಬಗ್ಗೆ. ಯಾಕೆ ಅಂತ ಕೇಳಬೇಡಿ, ಕಣ್ಣೆದುರು ಅವನ ಮುಖ ಬಂದು ನಿಂತಿತು, ಅಷ್ಟೇ.

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ. ಕೊನೆಗೆ ಎತ್ತಿದ.

"ಏನೋ ಅದು, ಒಂದೇ ಸಮ? ತೋಟಾ ತುಂಬ್ತಾ ಕೂತಿದೀನಿ."

"ಇವತ್ತು ಬೇಡ, ಎತ್ತಿಡು" ಅಂದೆ.

"ಯಾಕೆ?"

ಏನಂತ ಹೇಳಲಿ? ಅತ್ತಿಗೆಯ ಶನಿವಾರದ ಉಪವಾಸವನ್ನೂ ಬಿಡದೆ ಗೇಲಿ ಮಾಡಿದ ಬಾಯಿ ಇದು. ಯಾಕೋ ಮನಸ್ಸಿಗೆ ಸರಿ ಅನ್ನಿಸುತ್ತಿಲ್ಲ ಅಂದೆ. ಅವನು ಜೋರಾಗಿ ನಕ್ಕ. "ನಿಂಗೂ ಮನಸ್ಸಿಗೆ ಅನ್ನಿಸೋದು ಶುರುವಾಯ್ತಾ? ಆಯ್ತಪ್ಪ, ಕೈಲಿರೋದು ಮುಗಿಸಿ ಏಳ್ತೀನಿ" ಅಂದು ಇಟ್ಟ.

ಫೋನ್ ಇಟ್ಟ ಕ್ಷಣಕ್ಕೆ ವಾಸನೆ ಇರಲಿಲ್ಲ. ಮೆಲ್ಲಮೆಲ್ಲಗೆ ಹೋದದ್ದಲ್ಲ, ಇರಲೇ ಇಲ್ಲ. ಕಾವ್ಯ ಉಸಿರು ಬಿಟ್ಟು ಅನ್ನಕ್ಕಿಟ್ಟಳು. ಏನೋ ದೊಡ್ಡ ಗಂಡಾಂತರ ತಪ್ಪಿಸಿದೆ ಅನ್ನುವ ಸಮಾಧಾನದಲ್ಲಿ ನಾನು ಚೆನ್ನಾಗಿ ಉಂಡು ಮಲಗಿದೆ. ಆ ಸಮಾಧಾನ ನೆನಪಾದರೆ ಈಗ ಮೈಯೆಲ್ಲ ಉರಿಯುತ್ತದೆ.

ಹಬ್ಬದ ದಿನ ಅತ್ತಿಗೆ ಫೋನ್ ಮಾಡಿದರು. ಮಾತಿಗಿಂತ ಅಳುವೇ ಹೆಚ್ಚು. ತೆಂಗಿನಕಾಯಿಗೆ ಗುರಿಯಿಟ್ಟು ಅಣ್ಣ ಕೋವಿಯ ಟ್ರಿಗರ್ ಎಳೆದಿದ್ದಾನೆ, ನಳಿಗೆ ಒಡೆದಿದೆ. ನಾನು ಸಿಕ್ಕಿದ ವಿಮಾನ ಹಿಡಿದು ಮೈಸೂರಿನ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವನ ಎಡಗೈಯಲ್ಲಿ ಹೆಬ್ಬೆರಳು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಿದ್ದ ಮೆಕ್ಯಾನಿಕ್. ಗ್ಯಾರೇಜ್ ಮುಚ್ಚಿತು. ಈಗ ಹೆಂಡತಿಯ ತಮ್ಮನ ಅಂಗಡಿಯಲ್ಲಿ ಸ್ಪೇರ್ ಪಾರ್ಟ್ಸ್ ತೆಗೆದುಕೊಡುತ್ತಾ ಕೂತಿದ್ದಾನೆ.

ಹಳೇ ಮದ್ದಿನದೇ ಕೆಲಸ ಅಂದರು ಎಲ್ಲರೂ. ನಾನೂ ಅದನ್ನೇ ಅಂದೆ, ಹೇಳಿದ್ದೆ ಕೇಳಲಿಲ್ಲ ಅಂತ ಸೇರಿಸಿಯೂ ಅಂದೆ. ಆಗ ಅಣ್ಣ ಹಾಸಿಗೆಯಿಂದ ನನ್ನನ್ನು ನೋಡಿದ.

"ಮದ್ದು ಚೆನ್ನಾಗೇ ಇತ್ತು. ನಿನ್ನ ಫೋನ್ ಬಂದಾಗ ಮದ್ದು ಅಳೆಯೋ ಚಮಚ ನನ್ನ ಕೈಲಿತ್ತು. ಇಟ್ಟ ಮೇಲೆ ನೋಡ್ತೀನಿ, ಮದ್ದು ಹಾಕಿದ್ನೋ ಇಲ್ವೋ ನೆನಪಿಲ್ಲ. ಇಲ್ಲ ಅನ್ನಿಸ್ತು, ಹಾಕಿದೆ. ಬಿಲ್ಲೆ ಸ್ವಲ್ಪ ಮೇಲೆ ಬಂತು. ಹಳೇ ಕಾಗದದ ತೋಟಾ, ಒಂದೊಂದು ಒಂದೊಂದು ಥರ ಇರುತ್ತಲ್ಲ ಅಂತ ಒಂದು ಬಿಲ್ಲೆ ತೆಗೆದು ಮುಚ್ಚಿದೆ."

ಎರಡು ಸಲ ಮದ್ದು ಬಿದ್ದಿತ್ತು. ಅಪ್ಪ ತೋಟಾ ತುಂಬುವಾಗ ಮನೆಯಲ್ಲಿ ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ. ಅಮ್ಮ ಊಟಕ್ಕೂ ಕರೆಯುತ್ತಿರಲಿಲ್ಲ. ಯಾರಾದರೂ ಅಪ್ಪಿತಪ್ಪಿ ಕರೆದರೆ ಕೈಯಲ್ಲಿದ್ದ ತೋಟಾವನ್ನು ಪೂರ್ತಿ ಸುರಿದು ಮೊದಲಿಂದ ಶುರು ಮಾಡುತ್ತಿದ್ದರು. ಹಳೇ ಸಾಮಾನಿನ ಜೊತೆ ಆ ಕಟ್ಟುನಿಟ್ಟೂ ಅಣ್ಣನಿಗೆ ಬಂದಿತ್ತು. ಅವತ್ತು ಮಾತ್ರ ನನ್ನ ಮಾತಿಗೆ ಬೆಲೆ ಕೊಟ್ಟು, ಬೇಗ ಮುಗಿಸಿ ಏಳುವ ಅವಸರದಲ್ಲಿ, ಸುರಿಯದೆ ಬಿಟ್ಟ.

ಈಗ ಹೇಳಿ. ಅದು ಎಚ್ಚರಿಕೆಯಾಗಿದ್ದರೆ ಅಂಥ ಎಚ್ಚರಿಕೆಗೆ ಬೆಂಕಿ ಬೀಳಲಿ. ವಾಸನೆ ಬರದೇ ಇದ್ದಿದ್ದರೆ ನಾನು ಫೋನ್ ಮಾಡುತ್ತಿರಲಿಲ್ಲ, ಫೋನ್ ಬರದೇ ಇದ್ದಿದ್ದರೆ ಅವನ ಕೈ ಇರುತ್ತಿತ್ತು. ನನ್ನದೇನೂ ತಪ್ಪಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ನನಗೂ ಗೊತ್ತು. ಆದರೆ ಅವನ ಕೈ ಹಾಳು ಮಾಡಲು ಯಾವುದೋ ಒಂದು ನನ್ನನ್ನು ಬಳಸಿಕೊಂಡಿತಲ್ಲ ಅನ್ನುವ ಸಿಟ್ಟು ಇಳಿಯುವುದಿಲ್ಲ. ಕಾವ್ಯಳನ್ನು ಕೇಳಿದರೆ, ನೀವು ಹೇಳಿದ ಮೇಲೆ ನನಗೂ ಹಾಗೆ ಅನ್ನಿಸಿರಬೇಕು ಅನ್ನುತ್ತಾಳೆ. ಮೊದಲು ಹೇಳಿದ್ದು ಅವಳು. ಈ ಮಾತಿಗೆ ನಾವು ಜಗಳವಾಡಿದ್ದೂ ಉಂಟು.

ಅಣ್ಣನಿಗೆ ವಾಸನೆಯ ವಿಷಯ ಹೇಳಿರಲಿಲ್ಲ. ಕಳೆದ ಸಲ ಊರಿಗೆ ಹೋದಾಗ ಅವನೇ ಕೇಳಿದ, ಅವತ್ತು ಯಾಕೆ ಹಾಗೆ ಹಟ ಹಿಡಿದು ಫೋನ್ ಮಾಡಿದೆ ಅಂತ. ಎಲ್ಲ ಹೇಳಿಬಿಟ್ಟೆ. ಬೈಯುತ್ತಾನೆ ಅಂದುಕೊಂಡೆ, ಇಲ್ಲವೇ ನಗುತ್ತಾನೆ. ಎರಡೂ ಮಾಡಲಿಲ್ಲ. ಸಣ್ಣ ಮಕ್ಕಳು ಮುನಿಸಿಕೊಂಡಾಗ ಆಗುತ್ತದಲ್ಲ, ಹಾಗೆ ಆಯಿತು ಅವನ ಮುಖ.

"ಆ ಹೊತ್ತಿಗೆ ನಾನು ಅಪ್ಪನ ಮೇಜಲ್ಲೇ ಕೂತಿದ್ದೆ. ಅಷ್ಟು ವರ್ಷ ನೋಡ್ಕೊಂಡವನು ನಾನು" ಅಂದ. "ಹೇಳೋದಿದ್ರೆ ನನ್ನ ಹತ್ರ ಬರಬೇಕಿತ್ತು. ನಿನ್ನ ಹತ್ರ ಯಾಕೆ ಬಂದ್ರು?"

ಅವನು ಬಲಗೈಯಿಂದ ಎಡತೋಳಿನ ಅಂಗಿಯನ್ನು ಕೆಳಗೆಳೆದುಕೊಂಡು ಒಳಗೆ ಹೋದ.