ನಿಂತು ಕಟ್ಟಿಸಿದವರು

ಆ ದಿನವೂ ಬೆಳಗ್ಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಹಾಲು ಕಾಯಲಿಟ್ಟು, ಅಡುಗೆಮನೆ ಕಿಟಕಿಯಿಂದ ಪಕ್ಕದ ಮನೆಯ ಕಿಟಕಿಯ ಮೇಲಿನ ಸಜ್ಜದ ಕಡೆ ನೋಡಿದೆ. ನಂಜನಗೂಡಿನ ನಮ್ಮ ಬೀದಿಯಲ್ಲಿ ಅದು ನನ್ನ ಭಾವನ, ಅಂದರೆ ಗಂಡನ ಅಣ್ಣನ, ಹೊಸ ಮನೆ. ಗೃಹಪ್ರವೇಶವಾಗಿ ವರ್ಷವಾಗುತ್ತ ಬಂದರೂ ಆ ಸಜ್ಜದ ಮೇಲೆ ನೀರು ನಿಂತಿದೆಯೇ ಎಂದು ನೋಡದೆ ನನಗೆ ಕಾಫಿ ಇಳಿಯುವುದಿಲ್ಲ.

"ಇಂಟರ್‌ವ್ಯೂಗೆ ಹೋಗೋದಾದ್ರೆ ಮಧ್ಯಾಹ್ನದ ಸಾರೂ ಮಾಡಿಟ್ಟು ಹೋಗು" ಎಂದರು ನಮ್ಮ ಯಜಮಾನರು, ಪೇಪರಿನಿಂದ ತಲೆಯೆತ್ತದೆ. ಮಾಡಿಟ್ಟೇ ಹೋದೆ.

ತಿ. ನರಸೀಪುರದಲ್ಲಿ ಒಂದು ಟ್ರಸ್ಟಿನವರು ಹೆಣ್ಣುಮಕ್ಕಳ ಹಾಸ್ಟೆಲ್ ಕಟ್ಟಿಸುತ್ತಿದ್ದರು. ಕಾಮಗಾರಿಯ ಉಸ್ತುವಾರಿಗೆ ಅನುಭವವಿರುವ ಮಹಿಳೆ ಬೇಕಿತ್ತು. ಆ ಕೆಲಸ ನನಗೆ ಬೇಕಿತ್ತು, ಬಹಳ ಬೇಕಿತ್ತು.

ಭಾವ ಇರುವುದು ಮೈಸೂರಿನಲ್ಲಿ. ಪಾಯ ತೆಗೆದ ದಿನದಿಂದ ಆ ಮನೆಗೆ ನಿಂತವಳು ನಾನು. ಮೇಸ್ತ್ರಿ ಕವಲಂದೆಯವರು, ಕಂಬಿ ಕಟ್ಟುವವರು ಬಿಳಿಗೆರೆಯವರು. ಇವರು ಬಂದರೆ ಅವರಿಲ್ಲ, ಇಬ್ಬರೂ ಬಂದರೆ ಮರಳಿಲ್ಲ. ಹಿಂದಿನ ಸಂಜೆಯೇ ಎಲ್ಲರಿಗೂ ಫೋನ್ ಮಾಡಿ ಹೊಂದಿಸುತ್ತಿದ್ದೆ. ಪೈಪು ಹಾಕುವ ಮೊದಲೇ ಗೋಡೆಗೆ ಗಾರೆ ಬಳಿಯಲು ಬಂದವರನ್ನು ವಾಪಸು ಕಳಿಸಿದ್ದೆ. ಚಾವಣಿಗೆ ಕಾಂಕ್ರೀಟಿನ ಮೋಲ್ಡ್ ಹಾಕಿದ ಮೇಲೆ ಅದರಲ್ಲಿ ಪಾತಿ ಕಟ್ಟಿಸಿ, ನೀರು ಬತ್ತದಂತೆ ಬೆಳಗ್ಗೆ ಸಂಜೆ ನಾನೇ ಪೈಪು ಹಿಡಿದಿದ್ದೆ. ಮೋಲ್ಡ್ ಹಾಕಿದ ದಿನ ಕೆಲಸದವರಿಗೆ ಬಾಡೂಟ ಹಾಕುವುದು ನಮ್ಮ ಕಡೆಯ ಪದ್ಧತಿ. ಭಾವ ಬಂದದ್ದು ಆ ಊಟಕ್ಕೆ.

"ಡೆಸಿಗ್ನೇಷನ್ ಏನಿತ್ತಮ್ಮ?" ಟ್ರಸ್ಟಿನ ಕಾರ್ಯದರ್ಶಿ ಕೇಳಿದರು. ಅವರ ಪೆನ್ನಿನ ಕ್ಯಾಪ್ ಮೇಲೆ ಹಲ್ಲಿನ ಗುರುತಿತ್ತು.

"ಡೆಸಿಗ್ನೇಷನ್ ಅಂತ ಇರ್ಲಿಲ್ಲ ಸರ್. ಎರಡಂತಸ್ತಿನ ಮನೆ, ನಾನೇ ನಿಂತು ಕಟ್ಟಿಸ್ದೆ."

"ಹಾಗಂತ ಯಾರಾದ್ರೂ ಹೇಳ್ಬೇಕಲ್ಲ?"

ಮೇಸ್ತ್ರಿಯ ನಂಬರು ಬಾಯಲ್ಲೇ ಇತ್ತು. ಆದರೆ ಮನೆಯ ಹಿರಿಯರಿರುವಾಗ ಹೊರಗಿನವರ ಹತ್ತಿರ ನನ್ನ ಬಗ್ಗೆ ಹೇಳಿಸುವುದೇ ಎಂದುಕೊಂಡು ಭಾವನ ನಂಬರು ಕೊಟ್ಟೆ. ಕಾರ್ಯದರ್ಶಿ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ಯಾರು, ನಮ್ ತಮ್ಮನ ಹೆಂಡ್ತಿನಾ? ಬಾಳ ಒಳ್ಳೇವ್ಳು ಸಾರ್! ಕೆಲಸದೋರ್ಗೆ ಕಾಫಿ, ತಿಂಡಿ, ಊಟ, ಒಂದಕ್ಕೂ ಕಮ್ಮಿ ಮಾಡ್ಲಿಲ್ಲ. ಕಟ್ಟೋ ಕೆಲಸನಾ? ಅದೆಲ್ಲ ನಾನೇ ನೋಡ್ಕಂಡೆ ಬಿಡಿ." ಭಾವ ನಕ್ಕರು. ಕಾರ್ಯದರ್ಶಿಯೂ ನಕ್ಕರು.

"ಮೇಸ್ತ್ರೀನ ಕೇಳಿ ಸರ್" ಎಂದೆ.

"ಕೂಲಿಗೆ ಬಂದೋರು ನೀವು ಹೇಳ್ಕೊಟ್ಟಿದ್ದು ಹೇಳ್ತಾರಮ್ಮ. ಆಯ್ತು, ತಿಳಿಸ್ತೀವಿ."

ದನಿ ಏರಿಸಬಾರದೆಂದು ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಏರಿಸಲಿಲ್ಲ. ಬಸ್ಸಿನ ಕಿಟಕಿಯ ಸರಳು ಹಿಡಿದ ಕೈಯನ್ನು ಮಾತ್ರ ನಂಜನಗೂಡು ಬರುವವರೆಗೂ ಸಡಿಲಿಸಲಾಗಲಿಲ್ಲ. ಗೃಹಪ್ರವೇಶದ ದಿನ ಪುರೋಹಿತರು "ನಿಂತು ಕಟ್ಟಿಸಿದವರು ಬನ್ನಿ" ಎಂದು ಕರೆದಾಗ ಪೇಟ ತೊಡಿಸಿಕೊಂಡವರು ಭಾವ. ಮೇಸ್ತ್ರಿ ಹಣ್ಣು ಶಾಲು ಹಿಡಿದು ಅತ್ತಿತ್ತ ಹುಡುಕುತ್ತಿದ್ದರು. ನಾನು ಒಳಗೆ ಹಪ್ಪಳ ಕರಿಯುತ್ತಿದ್ದೆ. ನಮ್ಮವರೇ ತಾನೇ ಎಂದು ಅಂದು ಕೋಪ ಬಂದಿರಲಿಲ್ಲ. ಅಂದಿನದೂ ಸೇರಿ ಈಗ ಬಂತು.

ಮನೆಯಲ್ಲಿ ಸಾರಿನ ಪಾತ್ರೆ ಖಾಲಿಯಾಗಿತ್ತು, ತೊಳೆದಿರಲಿಲ್ಲ. "ಏನಾಯ್ತು?" ಎಂದರು ಯಜಮಾನರು.

"ನಿಮ್ಮಣ್ಣನ್ನೇ ಕೇಳಿ" ಎಂದೆ. ಅವರು ಕೇಳಲಿಲ್ಲ.

ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಎದುರುಮನೆಯಾಕೆ ಸೊಪ್ಪು ಬಿಡಿಸುತ್ತ ಗೇಟಿಗೆ ಬಂದಳು.

"ಅಕ್ಕಾ, ನಮ್ ಮನೆಯೋರು ಮಹಡಿ ಮೇಲೆ ಒಂದ್ ರೂಮ್ ಎತ್ತುಸ್ತಾವ್ರೆ ಕಣಕ್ಕ. ಅದೇ ಕವಲಂದೆ ಮೇಸ್ತ್ರಿ. ಆವಯ್ಯ ಏನಂತು ಗೊತ್ತಾ? ಆ ಅಮ್ಮಾರು ನಿಂತ್ರೆ ಮಾತ್ರ ಒಪ್ಕತೀನಿ ಅಂತು! ಒಸಿ ಬಂದು ನಿಂತ್ಕಳಿ ಅಕ್ಕ. ಎಂಗೂ ಮನೇಲಿ ಸುಮ್ನೆ ಇರ್ತೀರಲ್ಲ."