ಅಕ್ಕೋರ ಓಟು

ಯಾರ ಮಾತನ್ನು ಕೇಳುವಾಗಲೂ ಅಕ್ಕೋರ ಎಡಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು, ಸೂಜಿಗೆ ದಾರ ಪೋಣಿಸುವವರ ಹಾಗೆ. ಹಾಲಿನವಳು ಹಾಲು ಹಾಕಿದರೆ ಬೆರಳದ್ದಿ ಉಗುರಿನ ಮೇಲೆ ಬಿಟ್ಟು ನೋಡುವರು. ಬೀಗ ಹಾಕಿ ಜಗ್ಗುವರು. ಓಣಿಯ ತುದಿಗೆ ಹೋದವರು ತಿರುಗಿ ಬಂದು ಮತ್ತೆ ಜಗ್ಗುವರು. ಯಾರಾದರೂ ಹೊಗಳಿದರೆ, "ಇವ್ರಿಗೆ ನನ್ನಿಂದ ಏನೋ ಆಗಬೇಕಾಗೈತಿ" ಎಂದು ನನ್ನ ಕಿವಿಯಲ್ಲಿ ಹೇಳುವರು. ಸೊರಟೂರಿನ ರೈತರ ಮನೆಯವರು, ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ದಾಯಾದಿಗಳು ಅಕ್ಕರೆಯ ಮಾತಾಡುತ್ತ ಹೊಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಲು ಬಂದಾಗ, ತಮಗೆ ಓದಲು ಬರುತ್ತದೆ ಎಂದು ಹೇಳಿ ಕಾಗದ ತಿರುಗಿಸಿ ಕೊಟ್ಟಿದ್ದರಂತೆ.

ಗದಗಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾವಿಬ್ಬರೂ ಕಲಿಸುತ್ತಿದ್ದೆವು; ಹುಡುಗಿಯರಿಗೆ ಅವರು ಅಕ್ಕೋರು, ನನಗೂ ಅಕ್ಕೋರೇ. ಅವರ ಮನೆಯ ಹೊರಕೋಣೆಯಲ್ಲೇ ನನ್ನ ವಾಸ.

ಆಗ ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದೆವು. ಮೇಲ್ಮನೆಗೆ ಓಟು ಹಾಕುವುದು ಮೊದಲು ಆಸ್ತಿವಂತರ ಕೆಲಸವಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ಹೈಸ್ಕೂಲು ಮಾಸ್ತರರಿಗೂ ಆ ಹಕ್ಕು ಬಂತು, ನಮ್ಮಂಥ ಹೆಂಗಸರಿಗೂ ಬಂತು. ಅದರ ಬೆನ್ನಿಗೇ ಸಂಶಯವೂ ಬಂತು. ನಮ್ಮ ಶಾಲೆಯ ಅಧ್ಯಕ್ಷರು ದೊಡ್ಡ ಹತ್ತಿ ವ್ಯಾಪಾರಿ. ಅವರ ಬೀಗರೇ ಶಿಕ್ಷಕರ ಕ್ಷೇತ್ರಕ್ಕೆ ನಿಂತರು. ಏಕೀಕರಣಕ್ಕಾಗಿ ಜೀವ ಕೊಡುವುದಾಗಿ ಶಾಲೆಯಲ್ಲೇ ಭಾಷಣ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರೆ ಅಕ್ಕೋರು, "ಇಲ್ಲಿ ಹಿಂಗಂತಾರ. ಮುಂಬೈಯೊಳಗ ಏನಂತಾರೋ ಯಾರು ಕೇಳ್ಯಾರ" ಎಂದರು.

ಓಟಿನ ಕಾಗದಕ್ಕೆ ಗುರುತಿರುತ್ತದೆ, ಯಾರು ಯಾರಿಗೆ ಹಾಕಿದರೆಂಬುದು ಅಧ್ಯಕ್ಷರಿಗೆ ತಿಳಿಯುತ್ತದೆ ಎಂದು ಶಾಲೆಯ ಗುಮಾಸ್ತ ಸುದ್ದಿ ಹಬ್ಬಿಸಿದ. ಶಿಕ್ಷಕರು ಒಬ್ಬರ ಮುಖ ಒಬ್ಬರು ನೋಡದಾದರು. ಮುಖ್ಯಾಧ್ಯಾಪಕರು ನನ್ನನ್ನು ಕರೆದು, ಅಕ್ಕೋರ ಮನಸ್ಸಿನಲ್ಲಿ ಏನಿದೆಯೆಂದು ತಿಳಿದು ಹೇಳಬೇಕೆಂದರು. ನನ್ನಿಂದ ಆಗುವುದಿಲ್ಲ ಎಂದೆ. ಸಂಜೆ ರೊಟ್ಟಿ ಬಡಿಯುತ್ತಿದ್ದ ಅಕ್ಕೋರಿಗೆ ನಡೆದದ್ದನ್ನೆಲ್ಲ ಹೇಳಿದೆ. ಎಡಗಣ್ಣು ಮುಚ್ಚಿಕೊಂಡಿತು.

"ಇದನ್ನ ನನಗ ಹೇಳು ಅಂತ ನಿನ್ನ ಯಾರು ಕಳಿಸ್ಯಾರ?"

ನನಗೆ ಅಳು ಬಂತು. ಅವರು ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿದರು.

ಓಟಿನ ದಿನ ಅಧ್ಯಕ್ಷರು ಶಿಕ್ಷಕರಿಗೆಲ್ಲ ಮೋಟಾರು ಕಳಿಸಿದರು. ಮೊದಲು ಅವರ ಮನೆಯಲ್ಲಿ ಉಪ್ಪಿಟ್ಟು, ಚಹಾ. ಅಕ್ಕೋರು ನಡೆದೇ ಹೊರಟರು. ನಾನೂ ಹಿಂದೆ ಹೋದೆ. ಓಟು ಹಾಕುವ ಕಚೇರಿಯಲ್ಲಿ ನಮ್ಮ ಶಾಲೆಯ ಗುಮಾಸ್ತ ಬೀಗರ ಏಜೆಂಟನಾಗಿ ಕುಳಿತಿದ್ದ. ಮೋಟಾರಿನಲ್ಲಿ ಬಂದವರು ನಮ್ಮ ಹಿಂದೆ ಸಾಲಾಗಿ ನಿಂತರು. ನಮಗೆ ಬೇಕಾದವರ ಹೆಸರಿನ ಮುಂದೆ ಒಂದು, ಎರಡು ಎಂದು ಅಂಕಿ ಬರೆಯಬೇಕಿತ್ತು. ಅಕ್ಕೋರು ಓಟಿನ ಕಾಗದವನ್ನು ಬೆಳಕಿಗೆ ಹಿಡಿದರು, ಹಿಂದೆಮುಂದೆ ತಿರುಗಿಸಿದರು, ಅಧಿಕಾರಿಯ ಮುಂದೆ ನಿಂತರು.

"ಸಾಹೇಬ್ರ, ನಾ ಯಾರಿಗೆ ಒಂದು ಅಂತ ಬರದೆ ಅನ್ನೋದು ಯಾರಿಗರೆ ತಿಳೀತೈತೇನ್ರಿ?"

ಇಲ್ಲ ಎಂದು ಆತ ಮೆಲ್ಲಗೆ ಹೇಳಿದ.

"ಜೋರಾಗಿ ಹೇಳ್ರಿ. ಹಿಂದ ನಿಂತವ್ರಿಗೂ ಕೇಳಬೇಕು."

ಅಧಿಕಾರಿ ಎದ್ದು ನಿಂತು, ಇದು ಗುಪ್ತ ಮತದಾನ, ಯಾರಿಗೂ ತಿಳಿಯುವುದಿಲ್ಲ, ತಿಳಿಯಲು ಹೋದರೆ ಅಪರಾಧ ಎಂದು ಗಟ್ಟಿಯಾಗಿ ಹೇಳಿದ. ಗುಮಾಸ್ತ ತಲೆ ತಗ್ಗಿಸಿದ. ಮೋಟಾರಿನಲ್ಲಿ ಬಂದಿದ್ದ ಡ್ರಾಯಿಂಗ್ ಮಾಸ್ತರರು ನನ್ನ ಹಿಂದೆ ಉಸಿರು ಬಿಟ್ಟದ್ದು ಕೇಳಿಸಿತು.

ಬೀಗರು ಸೋತರು. ಅಧ್ಯಕ್ಷರು ಎಲ್ಲರನ್ನೂ ಸಂಶಯಪಟ್ಟರು, ಕೊನೆಗೆ ಅವರ ಕಣ್ಣು ಒಬ್ಬರ ಮೇಲೆ ನಿಂತಿತು. ಬೇಸಿಗೆ ರಜೆ ಮುಗಿಯುತ್ತಲೇ ಅಕ್ಕೋರನ್ನು ತಮ್ಮ ಸಂಸ್ಥೆಯದೇ ಆದ ಲಕ್ಷ್ಮೇಶ್ವರದ ಶಾಲೆಗೆ ವರ್ಗ ಮಾಡಿದರು. ಬಸ್ಸು ಹತ್ತುವ ಮೊದಲು ಅವರು ನನ್ನ ಕೈ ಹಿಡಿದು, "ನಿನ್ನ ಮ್ಯಾಲೆ ನನಗ ಸಂಶೇ ಇತ್ತು" ಎಂದರು. ಮೆಟ್ಟಿಲ ಮೇಲೆ ಕಾಲಿಟ್ಟು, "ಇನ್ನೂ ಸ್ವಲ್ಪ ಐತಿ" ಎಂದು ನಕ್ಕರು.

ಏಕೀಕರಣವಾಯಿತು. ನಾನು ಮದುವೆಯಾಗಿ ಮುಂಡರಗಿಗೆ ಬಂದೆ. ಅಕ್ಕೋರು ಹಾಸಿಗೆ ಹಿಡಿದಿದ್ದಾರೆಂದು ಖಬರು ಬಂದಾಗ ಲಕ್ಷ್ಮೇಶ್ವರಕ್ಕೆ ಹೋದೆ. ಆ ಚುನಾವಣೆಯ ಮಾತು ಬಂತು. ಈಗಲಾದರೂ ಅವರು ನನ್ನನ್ನು ನಂಬಲಿ ಎಂದು, "ಅಕ್ಕೋರ, ಅವತ್ತ ನಾ ಒಂದು ಅಂತ ಬರದದ್ದು..." ಎಂದು ಶುರು ಮಾಡಿದೆ. ಅವರು ಬಡಕಲು ಕೈ ಎತ್ತಿ ನನ್ನ ಬಾಯಿ ಮುಚ್ಚಿದರು.

"ಹೇಳಬ್ಯಾಡ ತಂಗಿ. ಅದು ನಿಂದು."

ಆ ವಾರವೇ ಹೋದರು. ಆಮೇಲೆ ಎಷ್ಟೋ ಚುನಾವಣೆಗಳಾದವು. ಯಾರಿಗೆ ಹಾಕಿದೆನೆಂದು ನಾನು ಮನೆಯವರಿಗೂ ಹೇಳಿಲ್ಲ. ಅವರೂ ಕೇಳುವುದನ್ನು ಬಿಟ್ಟಿದ್ದಾರೆ.