ಅಧ್ಯಕ್ಷರ ಅರ್ಹತೆಯನ್ನು ಕೋರ್ಟು ನೋಡಲೇ ಇಲ್ಲ

ವಿಶ್ವಕಪ್ ಮುಗಿದ ಮರುವರ್ಷ. ದೋಹಾದ ಮುಶೈರಿಬ್‌ನಲ್ಲಿದ್ದ ಒಂದು ಅನುವಾದ ಕಚೇರಿಯಲ್ಲಿ ನಾನು ಅರಬಿ ಕಾನೂನು ಪತ್ರಗಳ ಹಿರಿಯ ಅನುವಾದಕನಾಗಿದ್ದೆ. ಇಪ್ಪತ್ತೆರಡು ವರ್ಷ ಮಾಡಿದ ಆ ಕೆಲಸದಲ್ಲಿ ನನ್ನ ರಕ್ತ ಕುದಿಸಿದ ಕಾಗದ ಒಂದೇ.

ಅದನ್ನು ತಂದವರು ಸದಾನಂದ. ಕಾರ್ಕಳದ ಕಡೆಯವರು, ಹಮದ್ ಬಂದರಿನಲ್ಲಿ ಕ್ರೇನ್ ಆಪರೇಟರ್. ಅವರ ರೂಮ್‌ಮೇಟ್ ಉಮೇಶ ಹೃದಯಾಘಾತದಿಂದ ತೀರಿಕೊಂಡಿದ್ದ. ಶವವನ್ನು ಊರಿಗೆ ಕಳಿಸುವ ಅಧಿಕಾರವನ್ನು ಅವನ ತಾಯಿ ಇಲ್ಲಿನ ನಮ್ಮ ಕರಾವಳಿಯವರ ಸಂಘಕ್ಕೆ ಬರೆದುಕೊಟ್ಟರು. ಸಂಘದ ಪರವಾಗಿ ಸಹಿ ಹಾಕಬೇಕಾದವರು ಅಧ್ಯಕ್ಷರು. ಅವರು ಕತಾರಿನಲ್ಲೇ ಇರಲಿಲ್ಲ. ಚುನಾವಣೆಗೆ ಒಂದು ವರ್ಷ ಮೊದಲೇ ಸಂಸಾರ, ವ್ಯಾಪಾರ ಎರಡನ್ನೂ ದುಬೈಗೆ ಸಾಗಿಸಿದ್ದರೆಂಬುದು ಆಗ ಬಯಲಾಯಿತು. ಇಲ್ಲಿ ಉಳಿದದ್ದು ಐಡಿ ಕಾರ್ಡ್ ಮಾತ್ರ. ಅಧ್ಯಕ್ಷರಾಗುವವರು ಕತಾರಿನಲ್ಲಿ ವಾಸವಿರಬೇಕು ಎಂದು ಸಂಘದ ಬೈಲಾದಲ್ಲಿ ಸ್ಪಷ್ಟವಾಗಿದೆ. ಇಂಥ ದಿನಕ್ಕೆಂದೇ ಮಾಡಿದ ನಿಯಮ ಅದು. ಆ ಸಹಿಗಾಗಿ ಕಾದು ಉಮೇಶನ ದೇಹ ಹನ್ನೊಂದು ದಿನ ಶವಾಗಾರದಲ್ಲಿ ಬಿದ್ದಿತ್ತು.

ಸದಾನಂದ ಪದಾಧಿಕಾರಿಗಳನ್ನು ಕೇಳಿದರು, ಬೈದರು. ಯಾರೂ ಕಿವಿಗೊಡದಿದ್ದಾಗ ಅಧ್ಯಕ್ಷರ ಆಯ್ಕೆಯನ್ನು ರದ್ದು ಮಾಡಿ ಎಂದು ಕೋರ್ಟಿಗೆ ಹೋದರು. ಎಂಟು ತಿಂಗಳ ಮೇಲೆ ಬಂದ ತೀರ್ಪು ಎರಡೂವರೆ ಪುಟ. ದಾವೆ ಹೂಡುವವನಿಗೆ ‘ಮಸ್ಲಹಾ’ ಇರಬೇಕು, ಅಂದರೆ ಆ ವಿಷಯದಲ್ಲಿ ಅವನದೇ ಆದ ನೇರ ಹಿತಾಸಕ್ತಿ. ಸದಾನಂದ ಚುನಾವಣೆಗೆ ನಿಂತವರಲ್ಲ, ಸತ್ತವನ ಬಂಧುವೂ ಅಲ್ಲ. ಆದ್ದರಿಂದ ದಾವೆ ಸ್ವೀಕಾರಾರ್ಹವಲ್ಲ.

ಓದಿ ಹೇಳಿದೆ. ಅವರ ಮುಖ ಕೆಂಪಾಯಿತು.

“ಹನ್ನೊಂದು ದಿನ ಮೋರ್ಚರಿ ಬಾಗಿಲಲ್ಲಿ ನಿಂತದ್ದು ನಾನು. ನನಗೆ ಸಂಬಂಧ ಇಲ್ಲವಾ ಹಮೀದ್ ಭಾಯ್?”

“ಕಾನೂನಿನ ಲೆಕ್ಕದಲ್ಲಿ ಇಲ್ಲ ಸದಾನಂದಣ್ಣ.”

“ಹಾಗಾದ್ರೆ ಯಾರು ಕೇಳ್ಬೇಕು?”

ಸೋತ ಅಭ್ಯರ್ಥಿ ಕೇಳಬಹುದಿತ್ತು. ಅವರನ್ನು ಫಲಿತಾಂಶದ ಮರುವಾರವೇ ಉಪಾಧ್ಯಕ್ಷರನ್ನಾಗಿ ಮಾಡಿ ಬಾಯಿ ಮುಚ್ಚಿಸಿದ್ದರು. ಆದರೂ ನಾನೇ ಫೋನ್ ಮಾಡಿದೆ. “ಖಲಾಸ್ ಮಾರಾಯ್ರೆ, ಇನ್ನೆಂತ ಸತ್ತವ ಎದ್ದು ಬರ್ತಾನಾ?” ಎಂದು ಇಟ್ಟುಬಿಟ್ಟರು. ಮೇಲ್ಮನವಿ ಮುಗಿಯುವಷ್ಟರಲ್ಲಿ ಅಧ್ಯಕ್ಷರ ಅವಧಿಯೇ ಮುಗಿಯುತ್ತದೆ ಎಂದರು ವಕೀಲರು.

ಮೂರನೆಯ ದಿನ ಅಧ್ಯಕ್ಷರೇ ನನ್ನ ಕಚೇರಿಗೆ ಬಂದರು. ಉಮೇಶನಿಗಾಗಿ ಹನ್ನೊಂದು ದಿನ ಸಿಗದ ವಿಮಾನ ಇದಕ್ಕೆ ಸಿಕ್ಕಿತ್ತು. ಕನ್ನಡಕ್ಕೆ ಅನುವಾದಿಸಿಕೊಡಿ ಎಂದು ಅದೇ ತೀರ್ಪನ್ನು ಮುಂದಿಟ್ಟರು.

“ಅಧ್ಯಕ್ಷರ ಆಯ್ಕೆ ಸಿಂಧು ಅಂತ ಕೋರ್ಟ್ ಹೇಳಿದೆ ಎಂದು ಬರೀರಿ. ಅರ್ಥ ಒಂದೇ ಅಲ್ವಾ?”

“ಅಲ್ಲ. ನಿಮ್ಮ ಅರ್ಹತೆಯ ಬಗ್ಗೆ ಇದರಲ್ಲಿ ಒಂದಕ್ಷರ ಇಲ್ಲ. ಕೇಳಿದವರು ಯಾರು ಅಂತ ನೋಡಿ ವಾಪಸ್ ಕಳಿಸಿದ್ದಾರೆ, ಅಷ್ಟೆ.”

“ನಿಮಗೆ ಭಾಷೆ ಗೊತ್ತು, ವ್ಯವಹಾರ ಗೊತ್ತಿಲ್ಲ,” ಎಂದು ನಕ್ಕರು. ಫೈಲನ್ನು ಅವರ ಕಡೆ ತಳ್ಳಿ, ಬಾಗಿಲು ತೋರಿಸಿದೆ.

ಸಂಜೆ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಹಾರ ಹಾಕಿಕೊಂಡ ಅವರ ಫೋಟೋ ಬಂತು: ‘ಸತ್ಯಕ್ಕೆ ಜಯ. ಅಧ್ಯಕ್ಷರನ್ನು ಎತ್ತಿಹಿಡಿದ ನ್ಯಾಯಾಲಯ.’ ಅಭಿನಂದನೆ ಹೇಳಿದವರಲ್ಲಿ ನನ್ನ ಸ್ವಂತ ಭಾವನೂ ಇದ್ದ.

ನಾನು ತೀರ್ಪನ್ನು ಪದಕ್ಕೆ ಪದ ಕನ್ನಡಕ್ಕೆ ತಂದು ಸದಾನಂದರ ಕೈಗಿತ್ತೆ. ಲುಸೈಲ್‌ನ ಸಭಾಂಗಣದಲ್ಲಿ ನಡೆದ ಮಹಾಸಭೆಯಲ್ಲಿ ಅವರು ಎದ್ದುನಿಂತು ಓದತೊಡಗಿದರು. ಎರಡನೆಯ ಪುಟಕ್ಕೆ ಮೈಕ್ ಬಂದ್ ಮಾಡಿದರು. ಬಂದರಿನಲ್ಲಿ ಕೂಗಿ ಪಳಗಿದ ಗಂಟಲು ಅವರದು, ಕೊನೆಯ ಸಾಲಿನವರೆಗೂ ಓದಿಯೇ ಕುಳಿತರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಧ್ಯಕ್ಷರು ಅವಧಿ ಪೂರೈಸಿ ಶಾಲು ಹೊದಿಸಿಕೊಂಡೇ ಇಳಿದರು. ಮರುವರ್ಷ ಬೈಲಾದಲ್ಲಿ ಒಂದು ಸಾಲು ಸೇರಿತು: ಅಧ್ಯಕ್ಷರ ಅರ್ಹತೆಯನ್ನು ಯಾವುದೇ ಸದಸ್ಯರು ಪ್ರಶ್ನಿಸಬಹುದು.

ನನ್ನ ಸಿಟ್ಟು ಅದರಿಂದ ಇಳಿಯಲಿಲ್ಲ. ಕೋರ್ಟು ಪ್ರಶ್ನೆಯನ್ನು ಬಾಗಿಲಲ್ಲೇ ತಡೆಯುವುದು ಬೇರೆ, ಒಳಗೆ ಕರೆದು ಉತ್ತರಿಸುವುದು ಬೇರೆ. ಎರಡೂ ಒಂದೇ ಎಂದು ಜನರನ್ನು ನಂಬಿಸಲು ಒಬ್ಬ ಅನುವಾದಕ ಸಾಕು. ಆ ಒಬ್ಬ ನಾನಾಗಬಾರದು ಎಂಬುದನ್ನು ಈ ಕೆಲಸ ಕಲಿಸಿತು.